ಕೆಂಪು ಬಟನ್ ಹಿಂದಿನ ಎರಡು ವೈರು

1/7

ನಿನ್ನೆ ಸ್ಟೋರಿಯಲ್ಲಿ ಈ ಫೋಟೋ ಹಾಕಿದಾಗ ಮೂರು ಜನ ಕೇಳಿದ್ರಿ, "ಏನ್ಲೇ ಇದು, ಇಲಿ ಕಡದ ವೈರ್ ಯಾಕ ಹಾಕೀದಿ?" ಇಲಿ ಕಡಿದದ್ದಲ್ಲ. ಮಲ್ಪೆ ಬಂದರಿನ ಒಂದು ಆಳಸಮುದ್ರ ಬೋಟು. ತಾಂಡೇಲರು ನಿಂತು ಬೋಟು ನಡೆಸೋ ಕ್ಯಾಬಿನ್. ಅಲ್ಲಿನ ವಯರ್‌ಲೆಸ್ ಸೆಟ್ಟಿನ ಬೆನ್ನಿಗೆ ಸುತ್ತಿ, ಕಪ್ಪು ಟೇಪ್ ಹಚ್ಚಿ ಬಿಟ್ಟಿದ್ದ ಎರಡು ವೈರು. ಎರಡು ಸೀಸನ್ ಅವು ಹಾಗೇ ಸುಮ್ಮನೆ ಕೂತಿದ್ದವು. ಈ ವಾರದ ಏಳೂ ಪೋಸ್ಟು ಅವುಗಳ ಬಗ್ಗೆ.

ಕಲಾದಗಿಯ ಬಿಕಾಂ ಹುಡುಗನಿಗೆ ಸಮುದ್ರದ ಉಸಾಬರಿ ಯಾಕೆ ಅಂತೀರೇನೋ. ನಮಗೆ ನೀರು ಅಂದ್ರೆ ಘಟಪ್ರಭಾ, ಆಲಮಟ್ಟಿ ಹಿನ್ನೀರು, ಅಷ್ಟೇ. ಆದರೆ ನಮ್ಮ ಉತ್ತರ ಕರ್ನಾಟಕದ ಹುಡುಗರು ಮಂಗಳೂರು, ಮಲ್ಪೆ ಬಂದರಿನಲ್ಲಿ ದುಡಿಯೋದು ಹೊಸದಲ್ಲ, ನಿಮ್ಮ ಓಣಿಯಲ್ಲೇ ಕೇಳಿ ನೋಡ್ರಿ. ನಮ್ಮ ದೊಡ್ಡಪ್ಪನ ಮಗ ಮೊದಲು ಇಲ್ಲೇ ದಾಳಿಂಬ್ರಿ, ಚಿಕ್ಕು ತೋಟಗಳಿಗೆ ಡ್ರಿಪ್ ಕೂಡಿಸ್ತಿದ್ದ, ಬೋರಿನ ಸ್ಟಾರ್ಟರ್ ರಿಪೇರಿ ಮಾಡ್ತಿದ್ದ. ಈಗ ನಾಲ್ಕು ವರ್ಷದಿಂದ ಮಲ್ಪೆಯಲ್ಲಿ ಬೋಟಿನ ವೈರಿಂಗ್ ಮಾಡೋ ಮೇಸ್ತ್ರಿ ಜೊತೆ ಇದ್ದಾನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗೋ ಹಾಗಿಲ್ಲ. ಬಣ್ಣ, ಇಂಜಿನ್, ವೈರಿಂಗ್, ಎಲ್ಲ ಕೆಲಸ ಆವಾಗಲೇ. ಕೈಗೆ ಒಬ್ಬ ಬೇಕು ಅಂದ. ಪರೀಕ್ಷೆ ಮುಗಿದಿತ್ತು, ರಾತ್ರಿ ಬಸ್ ಹತ್ತಿದೆ.

2/7

ವಯರ್‌ಲೆಸ್ ಅಂದ್ರೆ ವಿಎಚ್‌ಎಫ್ ಸೆಟ್. ಚಾನಲ್ 16ರಲ್ಲಿ ಕೂಗಿದರೆ ಹತ್ತಿರದ ಬೋಟು, ಹಡಗು ಕೇಳಿಸಿಕೊಳ್ತವೆ. ಈಗಿನ ಬಹಳಷ್ಟು ಸೆಟ್‌ಗಳಲ್ಲಿ ಒಂದು ಪುಟ್ಟ ಮುಚ್ಚಳದ ಕೆಳಗೆ ಕೆಂಪು ಬಟನ್ ಇರ್ತದೆ. ಅದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸೆಟ್ಟು ತಾನೇ ಚಾನಲ್ 70ರಲ್ಲಿ ಒಂದು ಡಿಜಿಟಲ್ ಸಂದೇಶ ಕಳಿಸ್ತದೆ. ಅದರಲ್ಲಿ ಬೋಟಿಗೆ ಕೊಟ್ಟ ಒಂಬತ್ತು ಅಂಕಿಯ ನಂಬರು (ಭಾರತದ್ದಾದರೆ 419ರಿಂದ ಶುರು), ನಾವು ಅಪಾಯದಲ್ಲಿದ್ದೇವೆ ಅನ್ನೋ ಸುದ್ದಿ, ಮತ್ತೆ ಬೋಟು ಎಲ್ಲಿದೆ ಅನ್ನೋ ಅಕ್ಷಾಂಶ ರೇಖಾಂಶ. ದೊಡ್ಡ ಹಡಗುಗಳು ಚಾನಲ್ 70ಕ್ಕೆ ಸದಾ ಕಿವಿ ಕೊಟ್ಟಿರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಬೋಟಿನೊಳಗೆ ನೀರು ನುಗ್ತಾ ಇದ್ದಾಗ ಮೈಕ್ ಹಿಡಿದು ಡಿಗ್ರಿ, ಮಿನಿಟ್ ಓದೋಕೆ ಯಾರಿಗೂ ಪುರುಸೊತ್ತು ಇರಲ್ಲ. ಅದಕ್ಕೇ ಆ ಬಟನ್.

ಆದರೆ ಒಂದು ಮಾತು. ವಯರ್‌ಲೆಸ್‌ಗೆ ತಾನೆಲ್ಲಿದ್ದೀನಿ ಅಂತ ತಾನಾಗಿ ಗೊತ್ತಿರಲ್ಲ. ಜಿಪಿಎಸ್ ಒಳಗೇ ಇರೋ ಸೆಟ್ಟುಗಳೂ ಇವೆ, ಆ ಮಾತು ಬೇರೆ. ಉಳಿದವುಗಳಿಗೆ ಪಕ್ಕದಲ್ಲಿರೋ ಜಿಪಿಎಸ್ ಹೇಳಬೇಕು. ಹೇಳೋದು ಎರಡು ವೈರಿನ ಮೂಲಕ. ಆ ಭಾಷೆಗೆ ಎನ್‌ಎಂಇಎ 0183 ಅಂತ ಹೆಸರು, 1983ರಿಂದ ಇದೆ, ಸೆಕೆಂಡಿಗೆ 4800 ಬಿಟ್. ನಮ್ಮ ಫೋನಿನ ಲೆಕ್ಕದಲ್ಲಿ ಅದು ಎತ್ತಿನ ಗಾಡಿ. ಆದರೆ "ನಾವು ಇಲ್ಲಿದ್ದೇವೆ" ಅಂತ ಒಂದು ಸಾಲು ಹೇಳೋಕೆ ಎತ್ತಿನ ಗಾಡಿ ಸಾಕು.

ಅಣ್ಣ ತಾಂಡೇಲರಿಗೆ ಹೇಳಿದ, "ಸೆಟ್ ಚಾಲೂ ಮಾಡ್ರಿ, ಪೊಸಿಷನ್ ಏನ್ ತೋರಸ್ತೈತಿ ನೋಡೋಣು." ಪರದೆಯಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಬರೀ ಗೆರೆಗಳು. ಒಂದೂವರೆ ಅಡಿ ಪಕ್ಕದಲ್ಲಿ ದೊಡ್ಡ ಬಣ್ಣದ ಪರದೆಯ ಜಿಪಿಎಸ್ ಇತ್ತು, ಅದಕ್ಕೆ ಎಲ್ಲ ಗೊತ್ತಿತ್ತು. ಇವೆರಡರ ನಡುವೆ ಮಾತೇ ಇರಲಿಲ್ಲ.

ತಾಂಡೇಲರು ಅಂದ್ರು, "ಫಿಟ್ ಮಾಡಿದವ ಅದು ಬೇಡ ಅಂದಿದ್ದ ಮಾರಾಯ. ಸೌಂಡ್ ಬರ್ತದೆ ಅಲ್ವಾ, ಸಾಕು ಅಂದ."

ಎರಡು ಮೀಟರ್ ಕೇಬಲ್, ನಾಲ್ಕು ಕ್ರಿಂಪ್, ಅರ್ಧ ತಾಸು. ಜಿಪಿಎಸ್‌ನ "ಹೇಳೋ" ವೈರುಗಳನ್ನು ವಯರ್‌ಲೆಸ್ಸಿನ "ಕೇಳೋ" ವೈರುಗಳಿಗೆ ಸೇರಿಸೋದು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ನಾನು ಬಣ್ಣಕ್ಕೆ ಬಣ್ಣ ಸೇರಿಸೋಕೆ ಹೋದೆ, ಬೈಸಿಕೊಂಡೆ. "ಬಣ್ಣ ನಂಬಬ್ಯಾಡೋ ತಮ್ಮಾ, ಒಂದೊಂದು ಕಂಪನಿದು ಒಂದೊಂದು ಬಣ್ಣ. ಪುಸ್ತಕ ನೋಡು." ನೋಡಿದ್ವಿ. ಸ್ವಿಚ್ ಹಾಕಿದ ಮೇಲೆ ಗೆರೆಗಳು ಹೋಗಿ ಅಂಕಿ ಬಂದ್ವು: 13 ಡಿಗ್ರಿ ಚಿಲ್ಲರೆ ಉತ್ತರ, 74 ಡಿಗ್ರಿ ಚಿಲ್ಲರೆ ಪೂರ್ವ. ಎರಡನೇ ಫೋಟೋ ಅದೇ.

ಒಂದು ವಿಷಯ ನಾನು ಅಲ್ಲಿ ಹೇಳಲಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ಹೋದ ಸೀಸನ್ ಪೂರ್ತಿ ಇದೇ ಬೋಟಿನಲ್ಲಿ ಕಲಾಸಿ ಆಗಿದ್ದ. ಅವರಮ್ಮ ನಮ್ಮ ಮನೆಗೆ ಬಂದು "ಫೋನ್ ಹತ್ತವಲ್ದು" ಅಂತ ಕೂತಿದ್ದು ನನಗೆ ನೆನಪಿದೆ. ಆವಾಗ ಅವನು ಎಲ್ಲಿದ್ದ ಅನ್ನೋದು ಆ ಕೆಂಪು ಬಟನ್‌ಗೂ ಗೊತ್ತಿರಲಿಲ್ಲ.

3/7

ಎಲ್ಲಿದ್ದೇವೆ ಅನ್ನೋದು ಎಷ್ಟು ದೊಡ್ಡ ಮಾತು ಅಂತ ಮಲ್ಪೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಅಲ್ಲಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು, ಒಳಗೆ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಯ ಏಳು ಜನ. ಎರಡು ದಿನದಲ್ಲಿ ಸಂಪರ್ಕ ತಪ್ಪಿತು. ಆಗ ನಾವು ಹೈಸ್ಕೂಲು. ಟಿವಿಯಲ್ಲಿ ದಿನಾ ಬರ್ತಿತ್ತು, ಆಮೇಲೆ ಬರೋದು ನಿಂತಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳ ಶುರುವಿನಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ. ಹುಡುಕಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್. ಆ ಬೋಟು ಮುಳುಗಿದ್ದಕ್ಕೆ ವೈರು ಕಾರಣ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಾಲ್ಕೂವರೆ ತಿಂಗಳು ಏಳು ಮನೆಯವರು "ಎಲ್ಲಿ" ಅನ್ನೋ ಒಂದೇ ಪ್ರಶ್ನೆ ಹಿಡಿದು ಕೂತಿದ್ದರು. ಅದನ್ನಷ್ಟೇ ನೆನಪಿಸ್ತಿದ್ದೀನಿ.

ಇದು ಬಡ ದೇಶದ ಕಥೆ ಅಂದುಕೊಳ್ಳೋದೂ ಬೇಡ. 2010ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ತನ್ನ ಜನರಿಗೆ ಒಂದು ಎಚ್ಚರಿಕೆ ಹೊರಡಿಸಿತ್ತು. ಅವರಿಗೆ ಬರ್ತಿದ್ದ ಕೆಂಪು ಬಟನ್ ಕರೆಗಳಲ್ಲಿ ಸುಮಾರು ಶೇ 90ರಲ್ಲಿ ಪೊಸಿಷನ್ನೇ ಇರ್ತಿರಲಿಲ್ಲ. ಸೆಟ್ ಇತ್ತು, ಜಿಪಿಎಸ್ ಇತ್ತು. ನಡುವಿನ ವೈರ್ ಜೋಡಿಸೋದು ಜನ ಬಿಟ್ಟಿದ್ದರು.

ನಮ್ಮಲ್ಲಿ ಈಗ ಟ್ರಾನ್ಸ್‌ಪಾಂಡರ್ ಬರ್ತಿವೆ. ಇಸ್ರೋ ತಯಾರಿಸಿದ ತಂತ್ರಜ್ಞಾನ, ಉಪಗ್ರಹದ ಮೂಲಕ ಬೋಟಿನಿಂದ ದಡಕ್ಕೆ, ದಡದಿಂದ ಬೋಟಿಗೆ ಸಂದೇಶ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆ: 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳು, 1 ಲಕ್ಷ ಬೋಟು, ಸುಮಾರು 360 ಕೋಟಿ ರೂಪಾಯಿ. ಭಾಗಿಸಿದರೆ ಬೋಟಿಗೆ 36,000. ಒಳ್ಳೆ ಯೋಜನೆ, ನನಗೆ ತಕರಾರಿಲ್ಲ. ತಕರಾರು ಇರೋದು ನಮ್ಮ ಅಭ್ಯಾಸದ ಮೇಲೆ. ಡಬ್ಬಿ ಕೈಗೆ ಬಂದ ದಿನ ಫೋಟೋ ತೆಗೀತೀವಿ. ಎರಡು ಮಳೆಗಾಲ ಕಳೆದ ಮೇಲೆ ಆ ಡಬ್ಬಿಗೆ ಕರೆಂಟ್ ಕೊಡೋ ಕೀಲು ಬಿಚ್ಚಿ, ತಿಕ್ಕಿ, ಮತ್ತೆ ಕೂಡಿಸೋ ದಿನ ಯಾರೂ ಇರಲ್ಲ.

4/7

ಈ ಪೋಸ್ಟು ಸ್ವಲ್ಪ ಉದ್ದ. ನನಗೆ ಅತಿ ಇಷ್ಟವಾದ ಭಾಗ ಇದೇ, ಹಾಗಾಗಿ ಸಹಿಸಿಕೊಳ್ರಿ.

ಹೊಸ ಬೋಟುಗಳಲ್ಲಿ ಎರಡೆರಡು ವೈರಿನ ಕಾಲ ಮುಗೀತಾ ಬಂದಿದೆ. ಜಿಪಿಎಸ್, ಆಳ ಅಳೆಯೋ ಎಕೋ ಸೌಂಡರ್, ಗಾಳಿ ಅಳೆಯೋದು, ಇಂಜಿನ್ನಿನ ಮೀಟರ್, ಎಲ್ಲವನ್ನೂ ಒಂದೇ ಕೇಬಲ್‌ಗೆ ಕಟ್ಟೋ ಪದ್ಧತಿ ಬಂದಿದೆ. ಹೆಸರು ಎನ್‌ಎಂಇಎ 2000. ಇದರ ತಾಯಿಬೇರು ಬಾಷ್ ಕಂಪನಿ 1986ರಲ್ಲಿ ಕಾರುಗಳಿಗಾಗಿ ಹೊರತಂದ ಕ್ಯಾನ್ ಬಸ್. ಹೊಸ ಕಾರು, ಲಾರಿಗಳ ಒಳಗೆ ಓಡಾಡೋದು ಅದೇ.

ಅಣ್ಣ ನನಗೆ ಇದನ್ನು ಹೇಳಿಕೊಟ್ಟಿದ್ದು ಒಂದೇ ವಾಕ್ಯದಲ್ಲಿ: "ಡ್ರಿಪ್ ಐತಿ ನೋಡು ತಮ್ಮಾ, ನೀರಿನ ಬದ್ಲಿ ಸುದ್ದಿ ಹರಿತೈತಿ." ಬೋಟಿನ ಉದ್ದಕ್ಕೂ ಒಂದು ಮೇನ್ ಲೈನ್. ಅದರಲ್ಲಿ ಅಲ್ಲಲ್ಲಿ 'ಟಿ' ಜೋಡಣೆ. ಪ್ರತಿ ಟಿ‌ಯಿಂದ ಒಂದು ಕವಲು ಹೊರಟು ಒಂದು ಉಪಕರಣಕ್ಕೆ ಸೇರ್ತದೆ. ಕವಲು 6 ಮೀಟರ್ ದಾಟಬಾರದು. ಮೇನ್ ಲೈನಿಗೆ ಕರೆಂಟು ಒಂದು ಕಡೆಯಿಂದ ಮಾತ್ರ. ಮತ್ತೆ ಮೇನ್ ಲೈನಿನ ಎರಡೂ ತುದಿಗೆ ಒಂದೊಂದು ಪುಟ್ಟ ಬಿರಡೆ, ಟರ್ಮಿನೇಟರ್. ಅದರೊಳಗೆ ಇರೋದು 120 ಓಮ್‌ನ ಒಂದು ರೆಸಿಸ್ಟರ್, ಅಷ್ಟೇ.

ಇಲ್ಲಿ ಡ್ರಿಪ್ಪಿನ ಹೋಲಿಕೆ ಮುರಿದು ಬೀಳ್ತದೆ. ಡ್ರಿಪ್ ಪೈಪಿನ ತುದಿಗೆ ಎಂಡ್ ಕ್ಯಾಪ್ ಹಾಕೋದು ನೀರು ಹೊರಗೆ ಹೋಗದಿರಲಿ ಅಂತ. ಕೇಬಲ್ಲಿನ ತುದಿಯಿಂದ ಏನೂ ಸೋರಲ್ಲ. ಅಲ್ಲಿನ ತೊಂದರೆ ಬೇರೆ. ಶಾಲೆ ಟ್ರಿಪ್ಪಿನಲ್ಲಿ ಗೋಳಗುಮ್ಮಟ ನೋಡಿದ್ದೀರಲ್ಲ, ಮೇಲೆ ಹತ್ತಿ ಗೆಳೆಯನ ಹೆಸರು ಕೂಗಿದ್ದೀರಲ್ಲ? ಒಂದು ಸಲ ಕೂಗಿದರೆ ಗೋಡೆಗೆ ಬಡಿದು ಮತ್ತೆ ಮತ್ತೆ ವಾಪಸ್ ಬರ್ತದೆ. ಇಪ್ಪತ್ತು ಜನ ಒಟ್ಟಿಗೆ ಕೂಗಿದರೆ ಯಾರು ಏನಂದ್ರು ಗೊತ್ತಾಗಲ್ಲ. ತುದಿಗೆ ಬಿರಡೆ ಇಲ್ಲದ ಕೇಬಲ್ ಅಂದ್ರೆ ಗೋಳಗುಮ್ಮಟ. ಸೆಕೆಂಡಿಗೆ 250 ಸಾವಿರ ಬಿಟ್ ಓಡೋ ಸಂಕೇತ ತುದಿಗೆ ಬಡಿದು ವಾಪಸ್ ಬಂದು, ಮುಂದಿನ ಸಂಕೇತದ ಮೇಲೆ ಬೀಳ್ತದೆ. ಟರ್ಮಿನೇಟರ್ ಆ ಪ್ರತಿಧ್ವನಿಯನ್ನು ನುಂಗ್ತದೆ.

ಒಂದು ಬೋಟಿನಲ್ಲಿ ಆಳದ ಅಂಕಿ ಬರೋದು, ಮಾಯ ಆಗೋದು. 38 ಮೀಟರ್, ಖಾಲಿ, 38, ಖಾಲಿ. ಸೆನ್ಸರ್ ಕೆಟ್ಟಿದೆ, ಹೊಸದು ತರಿಸಬೇಕು ಅಂತ ಯಾರೋ ಹೇಳಿ ಹೋಗಿದ್ದರು. ಅಣ್ಣ ಪವರ್ ಬಂದ್ ಮಾಡಿದ, ಮಲ್ಟಿಮೀಟರ್ ತೆಗೆದ, ಕೇಬಲ್ಲಿನ ಎರಡು ಡೇಟಾ ಪಿನ್‌ಗಳ ನಡುವೆ ಹಿಡಿದ. 120. "ಅರವತ್ತು ಬರ್ಬೇಕಿತ್ತು" ಅಂದ.

ಯಾಕೆ 60? ನಾವು ಕಾಮರ್ಸ್ ತಗೊಂಡ್ವಿ ಅಂತ ಎಸ್ಸೆಸ್ಸೆಲ್ಸಿ ವಿಜ್ಞಾನ ಮರೆತುಬಿಡಬೇಕಂತ ಏನಿಲ್ಲ. ಎರಡು 120 ಓಮ್ ಸಮಾಂತರವಾಗಿ ಇದ್ದರೆ ಒಟ್ಟು 60. ಬಂದಿದ್ದು 120, ಅಂದ್ರೆ ಇರೋದು ಒಂದೇ. 40 ಬಂದಿದ್ದರೆ ಮೂರು ಹಾಕಿಬಿಟ್ಟಿದ್ದಾರೆ ಅಂತ ಅರ್ಥ. ಹುಡುಕಿಕೊಂಡು ಮುಂದಿನ ತುದಿಗೆ ಹೋದ್ವಿ. ಬಿರಡೆ ಇಲ್ಲ. ಪೇಂಟ್ ಹೊಡೆಯೋ ಹುಡುಗ "ಅದು ಸುಮ್ನೆ ಮುಚ್ಚಳ ಅಲ್ವಾ ಅಂತ ತೆಗ್ದೆ" ಅಂತ ಜೇಬಿನಿಂದಲೇ ತೆಗೆದುಕೊಟ್ಟ! ಹಚ್ಚಿದ್ವಿ, 60 ಬಂತು. ಆಮೇಲೆ ಪವರ್ ಕೊಟ್ಟು ಅರ್ಧ ತಾಸು ಅಂಕಿ ನೋಡ್ತಾ ಕೂತ್ವಿ. ಒಂದು ಸಲವೂ ಮಾಯ ಆಗಲಿಲ್ಲ.

ಒಂದು ಬಿರಡೆ ಇಲ್ಲದಿದ್ದರೆ ಪೂರ್ತಿ ನಿಂತುಹೋಗಿದ್ದರೆ ಎಷ್ಟೋ ಒಳ್ಳೇದಿತ್ತು, ಅವತ್ತೇ ಸರಿ ಮಾಡಿಸ್ತಿದ್ದರು. ಇದು ಅರ್ಧಂಬರ್ಧ ನಡೀತದೆ. ದಡದಲ್ಲಿ ಸರಿ, ಅಲೆಯಲ್ಲಿ ಇಲ್ಲ.

5/7

ಉಪ್ಪಿನ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಮನೆ ವೈರಿಂಗ್‌ನ ತಾಮ್ರದ ವೈರನ್ನು ಬೋಟಿಗೆ ಹಾಕಿದರೆ ಕಿಲುಬು ತುದಿಯಿಂದ ಶುರುವಾಗಿ ಪ್ಲಾಸ್ಟಿಕ್ಕಿನ ಒಳಗೆ ಒಳಗೇ ಹೋಗ್ತದೆ. ಹೊರಗಿಂದ ಹೊಸದರ ಹಾಗೆ ಕಾಣ್ತದೆ, ಸಿಪ್ಪೆ ತೆಗೆದರೆ ಕಪ್ಪು. ಅದಕ್ಕೇ ತವರ ಲೇಪಿಸಿದ ತಾಮ್ರದ, ಸಣ್ಣ ಎಳೆಗಳ ವೈರು ಹಾಕಬೇಕು. ಬೆಲೆ ಜಾಸ್ತಿ, ಹೌದು.

ಇನ್ನೊಂದು ದಪ್ಪದ ವಿಷಯ. ಇದನ್ನು ಲೆಕ್ಕ ಹಾಕಿ ತೋರಿಸ್ತೀನಿ. ವಯರ್‌ಲೆಸ್ ಮಾತಾಡೋವಾಗ ಸುಮಾರು 6 ಆಂಪಿಯರ್ ಎಳೀತದೆ ಅನ್ಕೊಳ್ಳಿ. ಬ್ಯಾಟರಿ 10 ಮೀಟರ್ ದೂರ, ಹೋಗಿ ಬರೋಕೆ 20 ಮೀಟರ್. 1 ಚದರ ಮಿಲಿಮೀಟರ್ ವೈರಾದರೆ ರೆಸಿಸ್ಟೆನ್ಸ್ ಸುಮಾರು 0.35 ಓಮ್. ಗುಣಿಸಿ: 2.1 ವೋಲ್ಟ್ ದಾರಿಯಲ್ಲೇ ಖರ್ಚು. 12 ವೋಲ್ಟಿನಲ್ಲಿ ಉಳಿದದ್ದು ಹತ್ತಕ್ಕೂ ಚೂರು ಕಡಿಮೆ. ಕೇಳಿಸಿಕೊಳ್ಳೋಕೆ ಕರೆಂಟ್ ಕಡಿಮೆ ಸಾಕು, ಹಾಗಾಗಿ ಸೆಟ್ಟು ಚಂದ ಕೇಳಿಸ್ತದೆ. ನೀವು ಮಾತಾಡೋಕೆ ಬಟನ್ ಒತ್ತಿದ ಕೂಡಲೇ ಮಂಕಾಗ್ತದೆ. ಅಂದ್ರೆ ಉಳಿದವರ ಮಾತೆಲ್ಲ ನಿಮಗೆ ಕೇಳ್ತದೆ, ನಿಮ್ಮ ಮಾತು ಯಾರಿಗೂ ಹೋಗಲ್ಲ. 6 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.35 ವೋಲ್ಟಿಗೆ ಇಳೀತದೆ. ಹೆಂಗೂ ಬೋರಿನ ಮೋಟರ್ ಸುಟ್ಟುಕೊಂಡ ಊರಿನವರು ನಾವು, ತೆಳ್ಳನೆ ವೈರಿನ ರುಚಿ ನಮಗೇನು ಹೊಸದಲ್ಲ.

6/7

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ.

ಆ ಎರಡು ವೈರು ಸೇರಿಸಿದ ಮೇಲೆ ಅಣ್ಣ ಕ್ಯಾಬಿನ್ನಿನ ಉಳಿದ ಹಳೆ ವೈರಿಂಗ್ ಬದಲಿಸೋಕೆ ಎಸ್ಟಿಮೇಟ್ ಕೊಟ್ಟ. ಬೋಟಿನ ಮಾಲೀಕರು ಕೆಟ್ಟವರಲ್ಲ, ನಮಗೆ ಊಟ ಹಾಕಿಸಿದರು. ಆದರೆ ಚೀಟಿ ನೋಡಿ ಅಂದರು, "ಮಷಿನಿಗೆ ಕೊಟ್ಟಾಯ್ತಲ್ಲ, ವೈರಿಗೆ ಇಷ್ಟಾ? ರಿಪೇರಿ ಖರ್ಚಲ್ಲಿ ನೋಡುವ, ಮುಂದಿನ ವರ್ಷ."

ದೋಸ್ತ್ರ, ಮೊದಲ ವರ್ಷದ ರೆಕ್ಟಿಫಿಕೇಷನ್ ಆಫ್ ಎರರ್ಸ್ ನೆನಪು ಮಾಡ್ಕೊಳ್ರಿ. ಯಂತ್ರ ಕೂರಿಸಿದ ಕೂಲಿಯನ್ನು ವೇಜಸ್ ಖಾತೆಗೆ ಡೆಬಿಟ್ ಮಾಡಲಾಗಿದೆ, ಸರಿಪಡಿಸಿ. ಎಷ್ಟು ಸಲ ಬರೆದಿದ್ದೀವಿ! ಮಷಿನರಿ ಖಾತೆಗೆ ಡೆಬಿಟ್, ವೇಜಸ್ ಖಾತೆಗೆ ಕ್ರೆಡಿಟ್, ಎರರ್ ಆಫ್ ಪ್ರಿನ್ಸಿಪಲ್, ಅಂಕ ಕೊಡ್ರಿ ಸರ್. ಅಕೌಂಟಿಂಗ್ ಸ್ಟ್ಯಾಂಡರ್ಡ್ 10 ಹೇಳೋದೂ ಅದನ್ನೇ: ಆಸ್ತಿಯ ಬೆಲೆ ಅಂದ್ರೆ ಅಂಗಡಿಯ ಬಿಲ್ ಮಾತ್ರ ಅಲ್ಲ, ಅದನ್ನು ಕೆಲಸ ಮಾಡೋ ಸ್ಥಿತಿಗೆ ತರೋಕೆ ನೇರವಾಗಿ ಆದ ಖರ್ಚೂ ಸೇರಿ. ನಾನು ಅದನ್ನು ಬರೀ ಅಂಕಕ್ಕೆ ಕಲಿತಿದ್ದೆ. ಆ ಕ್ಯಾಬಿನ್ನಿನಲ್ಲಿ ನಿಂತಾಗ ಅದರ ಅರ್ಥ ಗೊತ್ತಾಯ್ತು. ವೈರ್ ಜೋಡಿಸದ ಕೆಂಪು ಬಟನ್ ಇನ್ನೂ ಆಸ್ತಿ ಆಗೇ ಇಲ್ಲ. ಅದು ಪ್ಲಾಸ್ಟಿಕ್.

ನನ್ನ ಅಭಿಪ್ರಾಯ ಇಷ್ಟೇ. ಕೇಬಲ್, ಕ್ರಿಂಪ್, ಬಿರಡೆ, ಕೂಡಿಸೋನ ಕೂಲಿ, ಇವು ಉಪಕರಣದ ಜೊತೆಗಿನ "ಎಕ್ಸ್‌ಟ್ರಾ" ಅಲ್ಲ, ಉಪಕರಣವೇ. ಡಬ್ಬಿ ಕೊಡೋ ಯಾವುದೇ ಯೋಜನೆ, ಸಾಲ, ಸಬ್ಸಿಡಿ ಇವನ್ನೂ ಒಳಗೆ ಸೇರಿಸಿ ಲೆಕ್ಕ ಹಾಕಬೇಕು. ಪ್ರತಿ ವರ್ಷ ಆ 61 ದಿನದಲ್ಲಿ ಒಂದು ದಿನ ಮೀಟರ್ ಹಿಡಿದು ಪರೀಕ್ಷೆ ಮಾಡೋಕೂ ದುಡ್ಡು ಇಡಬೇಕು.

ತಿರುಗಿ ಹೇಳೋರೂ ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ತಾಂಡೇಲರು ನನಗೆ ಹೇಳಿದ್ದು: "ನಮ್ಮ ಅಪ್ಪ ನಕ್ಷತ್ರ ನೋಡಿ ಬೋಟು ತಂದವರು. ಜಿಪಿಎಸ್ ನೋಡಿ ಬಾಯಲ್ಲಿ ಹೇಳಿದ್ರೂ ಆಯ್ತಲ್ಲ." ಆಯ್ತು, ಹೇಳಬಹುದು. ತಾಂಡೇಲರು ಎಚ್ಚರ ಇದ್ದರೆ, ಕ್ಯಾಬಿನ್ನಿನಲ್ಲೇ ಇದ್ದರೆ, ಕೈ ನಡುಗದಿದ್ದರೆ. ಅವರು ನೀರಿಗೆ ಬಿದ್ದು, ಕ್ಯಾಬಿನ್ನಿನಲ್ಲಿ ಉಳಿದವನು ಮೊದಲ ಸಲ ಸಮುದ್ರ ನೋಡಿದ ನಮ್ಮೂರ ಹುಡುಗ ಆಗಿದ್ದರೆ? ಅವನಿಗೆ ಡಿಗ್ರಿ ಮಿನಿಟ್ ಗೊತ್ತಿಲ್ಲ. ಬಟನ್ ಒತ್ತೋದು ಗೊತ್ತಿರ್ತದೆ. ನಾನು ಇದನ್ನು ಕೇಳಿದ್ದಕ್ಕೆ ತಾಂಡೇಲರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೌದು" ಅಂದರು.

7/7

ಇನ್ನೊಂದು ಕೋಪ ಇದೆ, ಅದನ್ನೂ ಹೇಳಿಬಿಡ್ತೀನಿ. ಆ ಸೆಟ್ಟಿನ ಪುಸ್ತಕ ಪೂರ್ತಿ ಇಂಗ್ಲಿಷ್. ವೈರಿಂಗ್ ಚಿತ್ರ ಎಲ್ಲೋ ಕೊನೆಯ ಪುಟಗಳಲ್ಲಿ, ಇರುವೆ ಸಾಲಿನಂಥ ಅಕ್ಷರ. ಕೂಡಿಸೋದು ನಮ್ಮ ಅಣ್ಣನಂಥವರು, ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ. ಅವನು ಮೇಸ್ತ್ರಿ ಕೈ ನೋಡಿ ಕಲಿತ. ಮೇಸ್ತ್ರಿ ಯಾರನ್ನೋ ನೋಡಿ ಕಲಿತ. ನಡುವೆ ಯಾರೋ ಒಬ್ಬ "ಅದು ಬೇಡ" ಅಂದರೆ, ಆ "ಬೇಡ" ಕೂಡ ಕೈಯಿಂದ ಕೈಗೆ ಬರ್ತದೆ. ಟೇಪ್ ಸುತ್ತಿ ಬಿಟ್ಟವನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅವನಿಗೂ ಯಾರೂ ಓದಿ ಹೇಳಿರಲಿಕ್ಕಿಲ್ಲ.

ಹಾಗಾಗಿ ನಾವಿಬ್ಬರೂ ಒಂದು ಸಂಜೆ ಕೂತು ಆ ಬೋಟಿನ ವೈರಿಂಗ್ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದ್ವಿ. ಯಾವ ವೈರ್ ಎಲ್ಲಿಂದ ಎಲ್ಲಿಗೆ, ಫ್ಯೂಸ್ ಯಾವುದು, ಬಿರಡೆ ಎರಡು ಎಲ್ಲಿವೆ, ಮೀಟರ್ ಹಿಡಿದರೆ ಎಷ್ಟು ಬರಬೇಕು. ಕೆಳಗೆ ದಪ್ಪಕ್ಷರದಲ್ಲಿ ಕೋಸ್ಟ್ ಗಾರ್ಡ್ ನಂಬರ್ 1554. ಮೇಲೆ ಪ್ಲಾಸ್ಟಿಕ್ ಹಾಕಿಸಿ ಕ್ಯಾಬಿನ್ನಿನ ಬಾಗಿಲ ಹಿಂದೆ ಅಂಟಿಸಿದ್ವಿ. ತೆಳ್ಳನೆ ವೈರುಗಳನ್ನು ಈ ವರ್ಷ ಬದಲಿಸಲಿಲ್ಲ, ಅದು ಬೇಜಾರು. ಮಾಲೀಕರು ಮುಂದಿನ ರಜೆಗೆ ಅಂದಿದ್ದಾರೆ. ಚೀಟಿ ಅಣ್ಣನ ಡೈರಿಯಲ್ಲಿದೆ.

ಮಲ್ಪೆ, ಮಂಗಳೂರು, ಕಾರವಾರದಲ್ಲಿ ನಿಮ್ಮವರು ಯಾರಾದರೂ ಬೋಟಿನಲ್ಲಿದ್ದರೆ ಇವತ್ತು ರಾತ್ರಿ ಫೋನ್ ಹಚ್ಚಿ ಒಂದೇ ಪ್ರಶ್ನೆ ಕೇಳ್ರಿ: ವಯರ್‌ಲೆಸ್ಸಿನ ಪರದೆ ಮೇಲೆ ಅಂಕಿ ಇದೆಯೋ, ಗೆರೆ ಇದೆಯೋ? ಗೆರೆ ಇದ್ದರೆ ನನಗೆ ಮೆಸೇಜ್ ಹಾಕ್ರಿ, ಸೆಟ್ಟಿನ ಹಿಂಭಾಗದ ಫೋಟೋ ಕಳಿಸಿದರೆ ಅಣ್ಣನಿಗೆ ತೋರಿಸ್ತೀನಿ.

ಕೊನೆಯ ಫೋಟೋ ಆಗಸ್ಟ್ ಮೊದಲ ವಾರದ್ದು, ಬೋಟು ಹೊರಡೋ ಬೆಳಿಗ್ಗೆ ಅಣ್ಣ ಕಳಿಸಿದ್ದು. ಬಾಗಿಲ ಹಿಂದಿನ ಹಾಳೆ ಕಾಣ್ತದೆ ನೋಡ್ರಿ. ಎಡಗಡೆ "ಟರ್ಮಿನೇಟರ್" ಅನ್ನೋ ಕಡೆ ನಾನು "ಟರ್ಮಿನೆಟರ" ಅಂತ ಬರೆದಿದ್ದೀನಿ. ಕನ್ನಡ ಮೇಡಂ ನೋಡಿದರೆ ನನ್ನ ಗತಿ ಮುಗೀತು. ತಾಂಡೇಲರು ಅದರ ಮೇಲೆ ಪೆನ್ನಿನಿಂದ "ತೆಗೆಯಬಾರದು" ಅಂತ ಸೇರಿಸಿ ಎರಡು ಗೆರೆ ಎಳೆದಿದ್ದಾರೆ.

#ಕಲಾದಗಿ #ಮಲ್ಪೆ #ಬಿಕಾಂಹುಡುಗನಮಾತು